ಹಳೆಯ ಪೊಲೀಸ್ ಟೂರಿಂಗ್ ಬೈಕಿಗೆ ಆಕ್ಸೆಸರಿ: ಯಾವುದು ಕೂರುತ್ತದೆ, ಯಾವುದು ಕೂರಲ್ಲ

ಪೊಲೀಸ್ ಕೆಲಸದಿಂದ ಬಿಡುಗಡೆಯಾಗಿ ಹರಾಜಿಗೆ ಬಂದ ದೊಡ್ಡ ಟೂರಿಂಗ್ ಬೈಕ್ ಕೊಳ್ಳುವವರಿಗೆ ಒಂದು ತಲೆನೋವು ಕಾದಿರುತ್ತದೆ. ಬೈಕು ಬಿಎಂಡಬ್ಲ್ಯು ಆರ್1200ಆರ್‌ಟಿ. ತರಿಸಿದ ಸೀಟಿನ ಡಬ್ಬದ ಮೇಲೂ ಆರ್1200ಆರ್‌ಟಿ ಅಂತಲೇ ಇದೆ. ಹಿಡಿದು ನೋಡಿದರೆ ಹಿಂದಿನ ಅರ್ಧ ಸೀಟು ಕೂರಬೇಕಾದ ಜಾಗದಲ್ಲಿ ರೇಡಿಯೋ ಇಡುವ ತಟ್ಟೆ ಬೋಲ್ಟ್ ಆಗಿದೆ. ಕೊಕ್ಕೆ ಸಿಕ್ಕಿಸುವ ಕಡೆ ವೈರುಗಳ ಗೊಂಚಲು ಹಾದುಹೋಗಿದೆ. ಮಾರಿದವನು ಸುಳ್ಳು ಹೇಳಿಲ್ಲ. ಅವನ ಪಟ್ಟಿಯಲ್ಲಿ ಇರುವುದು ಸಾಮಾನ್ಯ ಜನರಿಗೆ ಮಾರಿದ ಆರ್‌ಟಿ. ನಿಮ್ಮದು ಆರ್‌ಟಿ-ಪಿ, ಅಂದರೆ ಅದರ ಪೊಲೀಸ್ ಮಾದರಿ. ಆ ಒಂದು ‘ಪಿ’ ಎಷ್ಟು ಬದಲಾವಣೆ ತಂದಿದೆ ಅನ್ನುವುದನ್ನು ಯಾವ ಅಂಗಡಿಯ ಪಟ್ಟಿಯೂ ಪೂರ್ತಿ ಹೇಳುವುದಿಲ್ಲ.

ಹಾಗಾಗಿ ‘ಈ ಬೈಕಿಗೆ ಇದು ಆಗುತ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಇದು ಯಾವ ಬೋಲ್ಟುಗಳಿಗೆ ಕೂರುತ್ತದೆ, ಆ ಬೋಲ್ಟುಗಳು ನನ್ನ ಬೈಕಿನಲ್ಲಿ ಅದೇ ಜಾಗದಲ್ಲಿ ಇವೆಯಾ?’ ಎಂದು ಕೇಳಬೇಕು. ಎಂಜಿನ್, ಬ್ರೇಕ್ ಪ್ಯಾಡ್, ಫಿಲ್ಟರ್, ಟೈರು ಇವುಗಳ ಬಗ್ಗೆ ಅಷ್ಟಾಗಿ ಯೋಚಿಸಬೇಕಿಲ್ಲ. ಅವು ಬಹುಪಾಲು ಮಾಮೂಲಿ ಮಾದರಿಯವೇ. ತಕರಾರು ಬರುವುದು ಸೀಟಿನ ಕೆಳಗೆ, ಸೀಟಿನ ಹಿಂದೆ, ಹ್ಯಾಂಡಲ್ ಮೇಲೆ ಮತ್ತು ವೈರಿಂಗ್‌ನಲ್ಲಿ.

ಅದಕ್ಕೂ ಮೊದಲು ಒಂದು ತೀರ್ಮಾನ ಆಗಬೇಕು. ನೀವು ಒಬ್ಬರೇ ಓಡಿಸುತ್ತೀರೋ, ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುತ್ತೀರೋ? ಇದು ತೀರ್ಮಾನವಾಗದೆ ಒಂದು ಬ್ರಾಕೆಟ್ ಕೂಡ ಕೊಳ್ಳಬೇಡಿ. ಒಬ್ಬರೇ ಹೋಗುವವರಿಗೆ ಪೊಲೀಸ್ ಬೈಕು ಇದ್ದ ಹಾಗೇ ಅನುಕೂಲ. ಅದನ್ನು ಸಾಮಾನ್ಯ ಬೈಕ್ ಮಾಡಲು ಹೊರಡುವುದು ಸುಮ್ನೆ ದಂಡ. ಇಬ್ಬರು ಹೋಗಬೇಕು ಅಂದರೆ ಅರ್ಧಂಬರ್ಧ ಬದಲಾವಣೆಯಿಂದ ಕೆಲಸ ಆಗುವುದಿಲ್ಲ. ಹಿಂಭಾಗವನ್ನು ಪೂರ್ತಿ ಬದಲಿಸಬೇಕು.

ಇರುವ ದಾರಿ ಮೂರು

ಒಂದು, ಅದೇ ಕಂಪನಿಯ ಸಾಮಾನ್ಯ ಮಾದರಿಯ ಮೂಲ ಭಾಗಗಳನ್ನು ಹಾಕುವುದು. ಎರಡು, ಪೊಲೀಸ್ ಮಾದರಿಗೆಂದೇ ತಯಾರಾದ ಭಾಗಗಳನ್ನು ಹುಡುಕುವುದು. ಮೂರು, ಎಲ್ಲ ಬೈಕಿಗೂ ಆಗುವ ಕ್ಲ್ಯಾಂಪು, ಪ್ಲೇಟು, ರೈಲುಗಳನ್ನು ತಂದು ನಾವೇ ಹೊಂದಿಸಿಕೊಳ್ಳುವುದು.

ಮೊದಲನೆಯದು ನೋಡಲು ಚೆನ್ನ, ಗಟ್ಟಿ ಕೂಡ. ಆದರೆ ಒಂದು ಭಾಗ ತಂದರೆ ಅದರ ಹಿಂದೆಯೇ ನಾಲ್ಕು ಸಣ್ಣ ಭಾಗ ಬೇಕಾಗುತ್ತವೆ. ಸೀಟು ತಂದರೆ ಸೀಟಿನ ಬೀಗ, ಬೀಗದ ಕೇಬಲ್, ಎತ್ತರ ಹೊಂದಿಸುವ ರಬ್ಬರು, ಹಿಡಿಕೆ ಎಲ್ಲಾ ಬೇಕು. ಅದಕ್ಕೇ ಬಿಡಿಬಿಡಿಯಾಗಿ ಕೊಳ್ಳುವ ಬದಲು, ಅಪಘಾತವಾಗಿ ಬಿಚ್ಚಿ ಮಾರುತ್ತಿರುವ ಸಾಮಾನ್ಯ ಬೈಕಿನ ಹಿಂಭಾಗವನ್ನು ಒಟ್ಟಿಗೆ ಕೊಳ್ಳುವುದು ಜಾಣತನ. ಮುಂಭಾಗ ಜಜ್ಜಿದ ಬೈಕಿನ ಹಿಂಭಾಗ ಎಷ್ಟೋ ಸಲ ಹೊಸದರಂತೆಯೇ ಇರುತ್ತದೆ. ಬಿಚ್ಚುವವರಿಗೆ ‘ನಟ್ಟು, ಬೋಲ್ಟು, ವಾಷರ್ ಸಮೇತ ಬೇಕು’ ಎಂದು ಮೊದಲೇ ಹೇಳಿಬಿಡಿ.

ಎರಡನೆಯ ದಾರಿಯಲ್ಲಿ ವಸ್ತು ಕಮ್ಮಿ, ಆದರೆ ಸಿಕ್ಕಿದ್ದು ಸರಿಯಾಗಿ ಕೂರುತ್ತದೆ. ಇಲಾಖೆಗಳು ಹೊಸ ಬೈಕ್ ತಂದಾಗ ಹಳೆಯವನ್ನೆಲ್ಲ ಒಟ್ಟಿಗೆ ಹೊರಹಾಕುತ್ತವೆ. ಆಗ ಬಿಡಿಭಾಗಗಳೂ ಒಟ್ಟೊಟ್ಟಿಗೆ ಮಾರುಕಟ್ಟೆಗೆ ಬರುತ್ತವೆ, ಆಮೇಲೆ ಮಾಯವಾಗುತ್ತವೆ. ಕ್ರ್ಯಾಶ್ ಗಾರ್ಡ್, ಒಂಟಿ ಸೀಟು, ರೇಡಿಯೋ ತಟ್ಟೆ ಇಂಥವು ಬೇಕಿದ್ದರೆ ಕಂಡಾಗಲೇ ತೆಗೆದಿಡುವುದು ಒಳ್ಳೆಯದು.

ಮೂರನೆಯದು ಅಗ್ಗ, ಬೇಗ ಆಗುತ್ತದೆ. ಫೋನ್ ಹಿಡಿಕೆ, ಲೈಟು, ಚಾರ್ಜಿಂಗ್ ಸಾಕೆಟ್ ಇಂಥವಕ್ಕೆ ನಾನು ಇದನ್ನೇ ಆರಿಸುತ್ತೇನೆ. ಜನ ಕೂರುವ ಜಾಗಕ್ಕೆ ಮಾತ್ರ ಬೇಡವೇ ಬೇಡ.

ಯಾವ ಕಂಪನಿಯ ಬೈಕಿಗೆ ಹುಡುಕಾಟ ಸುಲಭ

ಹಾರ್ಲೆ-ಡೇವಿಡ್‌ಸನ್‌ನ ಪೊಲೀಸ್ ಮಾದರಿಗಳು, ಅಂದರೆ ರೋಡ್ ಕಿಂಗ್‌ನ ಎಫ್‌ಎಲ್‌ಎಚ್‌ಪಿ ಮತ್ತು ಎಲೆಕ್ಟ್ರಾ ಗ್ಲೈಡ್‌ನ ಎಫ್‌ಎಲ್‌ಎಚ್‌ಟಿಪಿ, ಬಿಡಿಭಾಗ ಸಿಗುವ ವಿಷಯದಲ್ಲಿ ಎಲ್ಲಕ್ಕಿಂತ ಮುಂದಿವೆ. ಫ್ರೇಮು ಸಾಮಾನ್ಯ ಟೂರಿಂಗ್ ಮಾದರಿಯ ಕುಟುಂಬದ್ದೇ. ಬೇರೆ ಕಂಪನಿಗಳು ತಯಾರಿಸುವ ಭಾಗಗಳಂತೂ ರಾಶಿ ರಾಶಿ. ಆದರೆ ‘ಹಾರ್ಲೆ ಟೂರಿಂಗ್‌ಗೆ ಆಗುತ್ತದೆ’ ಎಂಬ ಒಂದು ಮಾತನ್ನು ನಂಬಿ ದುಡ್ಡು ಕೊಡಬೇಡಿ. ಒಂದೊಂದು ಭಾಗಕ್ಕೆ ಒಂದೊಂದು ವರ್ಷದ ಗಡಿ ಇದೆ. ಸೀಟಿನ ಗಡಿ 2008. ಆ ವರ್ಷ ಪೆಟ್ರೋಲ್ ಟ್ಯಾಂಕ್ 5 ಗ್ಯಾಲನ್‌ನಿಂದ 6 ಗ್ಯಾಲನ್‌ಗೆ ದೊಡ್ಡದಾಯಿತು. ಹಾಗಾಗಿ 1997ರಿಂದ 2007ರವರೆಗಿನ ಸೀಟಿನ ಮೂತಿ ಮುಂದಿನ ಬೈಕುಗಳಿಗೆ ಕೂರುವುದಿಲ್ಲ. 2009ರಲ್ಲಿ ಫ್ರೇಮೇ ಹೊಸದಾಯಿತು. ಟೂರ್-ಪ್ಯಾಕ್ ಎಂಬ ಹಿಂದಿನ ದೊಡ್ಡ ಬಾಕ್ಸನ್ನು ಸಿಕ್ಕಿಸುವ ಕೊಕ್ಕೆಗಳೂ ಆಗಲೇ ಬದಲಾದವು. 2014ರಲ್ಲಿ ಮತ್ತೆ ಬದಲು. ಸೈಡ್ ಬಾಕ್ಸ್‌ಗಳ ಮುಚ್ಚಳ, ಚಿಲಕ ಎರಡೂ ಬೇರೆಯಾದವು. ಬಾಕ್ಸ್ ಹೊಂದಿಸುವ ಕಿಟ್ಟುಗಳು 2009ರಿಂದ 2013ಕ್ಕೆ ಒಂದು, 2014ರಿಂದ ಮುಂದಕ್ಕೆ ಇನ್ನೊಂದು. ಅದೇ 2014ರಲ್ಲಿ ಟೂರಿಂಗ್ ಬೈಕುಗಳಿಗೆ ಕ್ಯಾನ್ ಬಸ್ ವೈರಿಂಗ್ ಕೂಡ ಬಂತು. ಬೈಕಿನ ಎಲೆಕ್ಟ್ರಾನಿಕ್ ಭಾಗಗಳು ಒಂದೇ ಜೋಡಿ ವೈರಿನಲ್ಲಿ ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುವ ಏರ್ಪಾಡು ಅದು. ಅಂದರೆ 2008ರ ಪೊಲೀಸ್ ರೋಡ್ ಕಿಂಗ್‌ಗೆ 2012ರ ಸೀಟು ನೋಡಬಹುದು, 2012ರ ಟೂರ್-ಪ್ಯಾಕ್ ಕಿಟ್ಟು ನೋಡುವ ಹಾಗಿಲ್ಲ. ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕ ಇರುವುದೇ ಹೀಗೆ.

ಬಿಎಂಡಬ್ಲ್ಯು ಆರ್‌ಟಿ-ಪಿ ವಿಷಯದಲ್ಲಿ ಗಡಿಗಳು ಇನ್ನಷ್ಟು ಸ್ಪಷ್ಟ. ಆರ್1150ಆರ್‌ಟಿ-ಪಿ ಹಳೆಯ ವೈರಿಂಗ್‌ನದು. 2005ರ ಆರ್1200ಆರ್‌ಟಿಯಿಂದ ಕ್ಯಾನ್ ಬಸ್. 2014ರಲ್ಲಿ ನೀರು ತಂಪಿನ ಎಂಜಿನ್‌ನೊಂದಿಗೆ ಫ್ರೇಮು, ಫೇರಿಂಗ್ (ಗಾಳಿ ತಡೆಯುವ ಹೊರ ಹೊದಿಕೆ) ಎಲ್ಲ ಹೊಸದು. ಹಾಗಾಗಿ 2013ರ ವಿಂಡ್‌ಶೀಲ್ಡ್, ರ್‍ಯಾಕ್ 2014ರ ಬೈಕಿಗೆ ಬರುವುದಿಲ್ಲ. 2019ರ ಆರ್1250ಆರ್‌ಟಿಗೆ ಎಂಜಿನ್ ಬದಲಾದರೂ ಮೈಕಟ್ಟು ಹೆಚ್ಚುಕಮ್ಮಿ ಹಿಂದಿನದೇ. 2021ರಲ್ಲಿ ಮುಂಭಾಗ, ಡಿಸ್‌ಪ್ಲೇ ಬದಲಾದವು. ಬಿಎಂಡಬ್ಲ್ಯುವಿನ ದೊಡ್ಡ ಅನುಕೂಲ ಏನೆಂದರೆ ಚಾಸಿ ನಂಬರಿನ ಕೊನೆಯ 7 ಅಕ್ಷರ ಕೊಟ್ಟರೆ ಸಾಕು, ಆ ಬೈಕಿನದೇ ಪಾರ್ಟ್ ಪಟ್ಟಿ ತೆರೆದುಕೊಳ್ಳುತ್ತದೆ.

ಹೋಂಡಾ ಎಸ್‌ಟಿ1300 ಪೊಲೀಸ್ ಮಾದರಿ ಯುರೋಪಿನಲ್ಲಿ ಬಹಳ ಓಡಿದ ಬೈಕು. ಅಲ್ಲಿ ಪ್ಯಾನ್ ಯುರೋಪಿಯನ್ ಎಂಬ ಹೆಸರಿನಿಂದಲೇ ಜನರಿಗೆ ಪರಿಚಯ. ವರ್ಷದ ಗೊಂದಲ ಇದರಲ್ಲಿ ಕಮ್ಮಿ. ಆದರೆ ತಯಾರಿಕೆ ನಿಂತು ವರ್ಷಗಳಾಗಿವೆ. ಹೊಸ ಮೂಲ ಭಾಗಕ್ಕಿಂತ ಹಳೆಯದನ್ನೇ ನೆಚ್ಚಿಕೊಳ್ಳಬೇಕು. ಇದರ ಹಿಂದಿನ ಎಸ್‌ಟಿ1100 ಕೊಳ್ಳುವವರು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ, ಯಾವುದು ಎಂದು ನೋಡಲೇಬೇಕು. ಮೊದಮೊದಲ ಬೈಕುಗಳಲ್ಲಿ 28 ಆಂಪಿಯರಿನದು, ನಂತರದವುಗಳಲ್ಲಿ 40 ಆಂಪಿಯರಿನದು. ಚಳಿಗೆ ಬಿಸಿ ಜಾಕೆಟ್ ಹಾಕುವವರಿಗೆ ಈ ವ್ಯತ್ಯಾಸ ದೊಡ್ಡದು.

ಕವಾಸಾಕಿ ಕೆಝಡ್1000ಪಿ ಬೇರೆಯೇ ಜಾತಿ. ಅಮೆರಿಕದ ನೆಬ್ರಾಸ್ಕಾದ ಲಿಂಕನ್ ಕಾರ್ಖಾನೆಯಲ್ಲಿ 1982ರಿಂದ 2005ರವರೆಗೆ ತಯಾರಾಯಿತು. ಸಾಮಾನ್ಯ ಕೆಝಡ್1000 ನಿಂತುಹೋಗಿ ಎಷ್ಟೋ ವರ್ಷವಾದರೂ ಪೊಲೀಸ್ ಮಾದರಿ ಮಾತ್ರ ಬರುತ್ತಲೇ ಇತ್ತು. ಹಾಗಾಗಿ ‘ಸಾಮಾನ್ಯ ಮಾದರಿಯ ಭಾಗ ಹಾಕೋಣ’ ಎನ್ನುವ ಮೊದಲ ದಾರಿ ಇಲ್ಲಿ ಎಂಜಿನ್ ಭಾಗಗಳಿಗೆ ನಡೆಯುತ್ತದೆ, ಫೇರಿಂಗ್ ಮತ್ತು ಬಾಕ್ಸ್‌ಗಳಿಗೆ ನಡೆಯುವುದಿಲ್ಲ. ಈ ಬೈಕನ್ನು ಇದ್ದ ರೂಪದಲ್ಲೇ ಇಟ್ಟುಕೊಳ್ಳುವುದು ಲೇಸು.

ಸೀಟು

ಪೊಲೀಸ್ ಹಾರ್ಲೆಯ ಒಂಟಿ ಸೀಟಿನ ಕೆಳಗೆ ಗಾಳಿ ತುಂಬುವ ಚೀಲ ಇರುತ್ತದೆ. ಸವಾರನ ತೂಕಕ್ಕೆ ತಕ್ಕ ಹಾಗೆ ಗಾಳಿ ಹೆಚ್ಚು ಕಮ್ಮಿ ಮಾಡಬಹುದು. ಇದು ಎಷ್ಟು ಹಿತ ಅಂದರೆ, ಸಾಮಾನ್ಯ ಹಾರ್ಲೆ ಇಟ್ಟುಕೊಂಡವರೇ ಹುಡುಕಿಕೊಂಡು ಬಂದು ಇದನ್ನು ಹಾಕಿಸಿಕೊಳ್ಳುತ್ತಾರೆ. ನೀವು ಅದನ್ನು ಬಿಚ್ಚಿ ಮಾಮೂಲಿ ಸೀಟು ಹಾಕುವ ಮೊದಲು ಎರಡು ಸಲ ಯೋಚಿಸಿ. ಬಿಚ್ಚಲೇಬೇಕು ಅಂದರೆ ಸೀಟು ಮಾತ್ರ ಅಲ್ಲ, ಅದರ ಕೆಳಗಿನ ಕಬ್ಬಿಣದ ಚೌಕಟ್ಟು, ಗಾಳಿ ಕೊಳವೆ ಎಲ್ಲ ತೆಗೆಯಬೇಕು. ಜೊತೆಗೆ ಸಾಮಾನ್ಯ ಸೀಟಿನ ಮುಂದಿನ ನಾಲಿಗೆ ಸಿಕ್ಕಿಸುವ ಬ್ರಾಕೆಟ್ ಹಾಕಬೇಕು. ಬಿಚ್ಚಿದ್ದನ್ನು ಒಂದು ಡಬ್ಬದಲ್ಲಿ ಜೋಪಾನವಾಗಿಡಿ. ಬೈಕ್ ಮಾರುವಾಗ ಅದಕ್ಕೇ ಬೇರೆ ಗಿರಾಕಿ ಸಿಗುತ್ತಾರೆ.

ಇಬ್ಬರು ಕೂರುವಂತೆ ಮಾಡುವಾಗ ಸೀಟಿಗಿಂತ ಮುಖ್ಯವಾದದ್ದು ಅದರ ಕೆಳಗಿನ ಹಿಂಚೌಕಟ್ಟು (ಸಬ್‌ಫ್ರೇಮ್). ಪಾರ್ಟ್ ಪಟ್ಟಿಯಲ್ಲಿ ಪೊಲೀಸ್ ಮಾದರಿಯ ಹಿಂಚೌಕಟ್ಟಿನ ನಂಬರ್ ನೋಡಿ, ಪಕ್ಕದಲ್ಲೇ ಅದೇ ವರ್ಷದ ಸಾಮಾನ್ಯ ಮಾದರಿಯದನ್ನೂ ನೋಡಿ. ಎರಡೂ ಒಂದೇ ನಂಬರ್ ಇದ್ದರೆ ಹಿಂಭಾಗದ ಸೀಟು, ಹಿಡಿಕೆ, ಫುಟ್‌ರೆಸ್ಟ್ ಎಲ್ಲ ನಿರಾಳವಾಗಿ ಕೂರುತ್ತವೆ. ನಂಬರ್ ಬೇರೆ ಇದ್ದರೆ ತಾಳಿ. ಕಣ್ಣಿಗೆ ಒಂದೇ ಥರ ಕಂಡರೂ ಫುಟ್‌ರೆಸ್ಟಿನ ತೂತಿಗೆ ಥ್ರೆಡ್ ಇಲ್ಲದೆ ಇರಬಹುದು. ವೆಲ್ಡಿಂಗ್ ಮಾಡಿಸಿ ಹೊಂದಿಸುವ ಯೋಚನೆ ಬಿಟ್ಟುಬಿಡಿ. ಆ ಫುಟ್‌ರೆಸ್ಟಿನ ಮೇಲೆ ಒಬ್ಬ ಮನುಷ್ಯನ ಕಾಲಿನ ಭಾರ ಬೀಳುತ್ತದೆ.

ಕಾಗದ ಪತ್ರದಲ್ಲೂ ಒಂದು ಕೊಕ್ಕೆ ಇದೆ. ಹರಾಜಿಗೆ ಬಂದ ಬೈಕಿನ ನೋಂದಣಿಯಲ್ಲಿ ಒಂದೇ ಆಸನ ಎಂದು ನಮೂದಾಗಿರಬಹುದು. ಸೀಟು ಹಾಕಿದ ಮಾತ್ರಕ್ಕೆ ಅದು ಎರಡು ಆಗುವುದಿಲ್ಲ. ವಿಮೆಯವರು ನೋಡುವುದು ಕಾಗದವನ್ನೇ ಅಲ್ವಾ? ನಿಮ್ಮ ಊರಿನ ನಿಯಮ ಏನಿದೆ ಎಂದು ತಿಳಿದುಕೊಂಡು, ತಿದ್ದುಪಡಿ ಮಾಡಿಸಿಕೊಂಡ ಮೇಲೆ ಹಿಂದೆ ಕೂರಿಸಿಕೊಳ್ಳಿ.

ಭಾರದ ಲೆಕ್ಕ ಮಾಡುವುದು ಸುಲಭ. ಬೈಕಿನ ಮೇಲಿನ ಫಲಕದಲ್ಲಿ ಗರಿಷ್ಠ ಒಟ್ಟು ತೂಕ ಇರುತ್ತದೆ. ಅದರಿಂದ ಬೈಕಿನ ತೂಕ ಕಳೆಯಿರಿ. ಫಲಕದಲ್ಲಿ 500 ಕೆ.ಜಿ. ಇದ್ದು ಪೆಟ್ರೋಲ್ ತುಂಬಿದ ಬೈಕ್ 310 ಕೆ.ಜಿ. ತೂಗಿದರೆ ಉಳಿಯುವುದು 190 ಕೆ.ಜಿ. ಅಷ್ಟರಲ್ಲೇ ನೀವು, ಹಿಂದಿನವರು, ಬಾಕ್ಸ್‌ಗಳು, ಬಾಕ್ಸ್ ಒಳಗಿನ ಸಾಮಾನು ಎಲ್ಲ ಬರಬೇಕು. ಇಬ್ಬರು ದಪ್ಪ ಜನ ಕೂತರೆ ಸಾಮಾನಿಗೆ ಜಾಗವೇ ಉಳಿಯದು. ಪೊಲೀಸ್ ಕ್ರ್ಯಾಶ್ ಗಾರ್ಡ್, ಎರಡನೇ ಬ್ಯಾಟರಿ ಇವು ಉಳಿದಿದ್ದರೆ ಕಂಪನಿಯ ಪುಸ್ತಕದಲ್ಲಿರುವ ಸಾಮಾನ್ಯ ಮಾದರಿಯ ತೂಕ ಹಿಡಿಯಬೇಡಿ, ಲಾರಿ ತೂಗುವ ವೇಬ್ರಿಜ್ ಮೇಲೆ ನಿಲ್ಲಿಸಿ ನೋಡಿ.

ಬಾಕ್ಸ್‌ಗಳು

ಒಬ್ಬರೇ ಓಡಿಸುವವರಿಗೆ ಇಲ್ಲಿ ಒಂದು ಲಾಭ ಇದೆ. ಸಾಮಾನ್ಯ ಟೂರಿಂಗ್ ಬೈಕಿನಲ್ಲಿ ಟಾಪ್ ಬಾಕ್ಸ್ ಇರುವುದು ಹಿಂದಿನ ಚಕ್ರದ ಅಕ್ಸೆಲ್‌ಗಿಂತಲೂ ಹಿಂದಕ್ಕೆ. ಪೊಲೀಸ್ ಬೈಕಿನಲ್ಲಿ ರೇಡಿಯೋ ತಟ್ಟೆ ಇರುವುದು ಹಿಂದೆ ಕೂರುವವರ ಜಾಗದಲ್ಲಿ. ಬಾಕ್ಸನ್ನು ಅಲ್ಲಿ ಕೂರಿಸಿದರೆ ಭಾರ ಎರಡು ಚಕ್ರಗಳ ನಡುವೆ ಬೀಳುತ್ತದೆ. ಓಡಿಸುವಾಗ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ರೇಡಿಯೋ ತಟ್ಟೆಯ ಮೇಲೆ ಮಾಮೂಲಿ ಟಾಪ್ ಬಾಕ್ಸ್ ಪ್ಲೇಟನ್ನು ಬೋಲ್ಟ್ ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಕೆಳಗೆ ದೊಡ್ಡ ವಾಷರ್ ಹಾಕಿ, ಕಳಚಿಕೊಳ್ಳದ ನೈಲಾನ್ ನಟ್ಟು ಬಳಸಿ. ಬೋಲ್ಟಿನ ತುದಿ ಕೆಳಗಿನ ವೈರುಗಳಿಗೆ ತಾಗದಂತೆ ನೋಡಿಕೊಳ್ಳಿ. ತಟ್ಟೆ ಪ್ಲಾಸ್ಟಿಕ್ಕಿನದಾದರೆ ಕೆಳಗೊಂದು ಅಲ್ಯೂಮಿನಿಯಂ ಹಲಗೆ ಕೊಡಬೇಕು.

ಬಾಕ್ಸ್ ಆರಿಸುವಾಗ ಜಿವಿ ಕಂಪನಿಯ, ಬಾಕ್ಸ್ ಸಿಕ್ಕಿಸುವ ಎರಡು ಪದ್ಧತಿಗಳ ವ್ಯತ್ಯಾಸ ಗೊತ್ತಿರಲಿ. ಮೊನೋಕೀ ದೊಡ್ಡ ಬೈಕುಗಳಿಗೆ, ಅದರ ಟಾಪ್ ಬಾಕ್ಸಿನ ಭಾರದ ಮಿತಿ 10 ಕೆ.ಜಿ. ಮೊನೋಲಾಕ್ ಸಣ್ಣ ಬೈಕು, ಸ್ಕೂಟರುಗಳಿಗೆ, ಮಿತಿ 3 ಕೆ.ಜಿ. ಇವೆರಡರ ಪ್ಲೇಟುಗಳು ಒಂದಕ್ಕೊಂದು ಹೊಂದುವುದಿಲ್ಲ. ಕಾಪ್ಪಾ ಕಂಪನಿಯ ಮೊನೋಕೀ ಬಾಕ್ಸು ಜಿವಿ ಮೊನೋಕೀ ಪ್ಲೇಟಿಗೆ ಕೂರುತ್ತದೆ. ಹಳೆಯ ಬಾಕ್ಸ್ ಅಗ್ಗಕ್ಕೆ ಸಿಕ್ಕಿದಾಗ ಇದನ್ನು ನೋಡದೆ ಕೊಳ್ಳುವವರೇ ಜಾಸ್ತಿ. ಬಾಕ್ಸ್ ಹಾಕಿಕೊಂಡಾಗ ಗಂಟೆಗೆ 120 ಕಿ.ಮೀ. ಮೀರಬೇಡಿ ಎಂದು ಕಂಪನಿಯೇ ಹೇಳುತ್ತದೆ.

ಆ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2007ರಲ್ಲಿ ಬ್ರಿಟನ್ನಿನ ಹಲವು ಪೊಲೀಸ್ ಪಡೆಗಳು ಎಸ್‌ಟಿ1300 ಬೈಕುಗಳನ್ನು ಬಳಕೆಯಿಂದ ಹಿಂದಕ್ಕೆ ತೆಗೆದುಕೊಂಡವು. ಒಬ್ಬ ಪೊಲೀಸ್ ಅಧಿಕಾರಿಯ ಸಾವಿನ ವಿಚಾರಣೆಯಲ್ಲಿ, ಹೆಚ್ಚಿನ ವೇಗದಲ್ಲಿ ಬೈಕು ಅಡ್ಡಡ್ಡ ಓಲಾಡುವ ದೋಷದ ಮಾತು ಬಂದಿತ್ತು. ಯಾವುದೇ ದೊಡ್ಡ ಬೈಕಿನಲ್ಲೂ ಹಿಂದಕ್ಕೆ ಎತ್ತರದಲ್ಲಿ ಭಾರ ಹೇರಿದರೆ, ಮುಂದೆ ಎತ್ತರದ ವಿಂಡ್‌ಶೀಲ್ಡ್ ನಿಲ್ಲಿಸಿದರೆ, ಟೈರು ಸವೆದಿದ್ದರೆ ಈ ಓಲಾಟ ಹೆಚ್ಚುತ್ತದೆ. ಎಸ್‌ಟಿ1300 ಕೊಂಡವರು ಭಾರವನ್ನು ಸೈಡ್ ಬಾಕ್ಸ್‌ಗಳಲ್ಲಿ ಕೆಳಗಿಟ್ಟು, ಟಾಪ್ ಬಾಕ್ಸಿನಲ್ಲಿ ಮಳೆ ಕೋಟು, ಹೊದಿಕೆಯಂಥ ಹಗುರ ವಸ್ತು ಇಡುವುದು ಒಳ್ಳೆಯದು.

ಪೊಲೀಸ್ ಸೈಡ್ ಬಾಕ್ಸ್‌ಗಳಲ್ಲಿ ಸೈರನ್ನಿನ ಆಂಪ್ಲಿಫೈಯರ್, ರೇಡಿಯೋ ಇದ್ದವು. ಅವನ್ನು ಬಿಚ್ಚಿದ ಮೇಲೆ ತೂತುಗಳು ಉಳಿಯುತ್ತವೆ. ರಬ್ಬರ್ ಬಿರಡೆ ಮತ್ತು ಸಿಲಿಕೋನ್ ಅಂಟು ಸಾಕು, ಹೊಸ ಬಾಕ್ಸ್ ಬೇಕಿಲ್ಲ. ಒಳಗೆ ನೀರು ಸುರಿದು ನೋಡಿ, ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ.

ವೈರಿಂಗ್

ಬೇರೆ ಯಾವುದನ್ನು ಬೇಕಾದರೂ ಅಂದಾಜಿನಲ್ಲಿ ಮಾಡಿ. ಇದನ್ನು ಮಾತ್ರ ಮಾಡಬೇಡಿ.

ಹರಾಜಿಗೆ ಹಾಕುವ ಮುನ್ನ ಇಲಾಖೆಯವರು ಲೈಟು, ಸೈರನ್, ರೇಡಿಯೋ ತೆಗೆದುಕೊಳ್ಳುತ್ತಾರೆ. ಎಷ್ಟೋ ಕಡೆ ವೈರನ್ನು ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ಬೈಕ್ ಮನೆಗೆ ಬಂದ ದಿನವೇ ಮಲ್ಟಿಮೀಟರ್ ತೆಗೆದುಕೊಂಡು, ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ನಡುವೆ ಮೀಟರ್ ಇಟ್ಟು ಎಷ್ಟು ಕರೆಂಟ್ ಹರಿಯುತ್ತಿದೆ ನೋಡಿ. ಕ್ಯಾನ್ ಬಸ್ ಬೈಕಾದರೆ ಅದು ನಿದ್ದೆಗೆ ಹೋಗಲು ಕೆಲವು ನಿಮಿಷ ಕಾಯಬೇಕು. 50 ಮಿಲಿಆಂಪಿಯರ್‌ಗಿಂತ ಜಾಸ್ತಿ ಇದ್ದರೆ ಎಲ್ಲೋ ಏನೋ ಕುಡಿಯುತ್ತಿದೆ ಎಂದರ್ಥ. 50 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. 16 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದೊಳಗೆ ಖಾಲಿ. ಇದನ್ನು ಸರಿಮಾಡದೆ ಹೊಸ ಆಕ್ಸೆಸರಿ ಜೋಡಿಸಿದರೆ ಆಮೇಲೆ ತಪ್ಪು ಹೊಸದರದೋ ಹಳೆಯದರದೋ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಈಗ ಆಯ್ಕೆಯ ಪ್ರಶ್ನೆ. ಪೊಲೀಸ್ ವೈರಿಂಗನ್ನೇ ಬಳಸಬೇಕೋ, ಬೇರೆ ಎಳೆಯಬೇಕೋ?

ಹಳೆಯ ಪೊಲೀಸ್ ವೈರು ದಪ್ಪ, ಫ್ಯೂಸ್ ಇದೆ, ಹಿಂದಿನವರೆಗೂ ಹೋಗಿದೆ. ಬಳಸಿಕೊಳ್ಳುವ ಆಸೆ ಸಹಜ. ಅದರ ನಕ್ಷೆ ಕೈಯಲ್ಲಿದ್ದರೆ ಬಳಸಿ. ಹಾರ್ಲೆ ತನ್ನ ಪೊಲೀಸ್ ಮಾದರಿಗಳಿಗೆಂದೇ ಸರ್ವಿಸ್ ಪುಸ್ತಕದ ಪೂರಕ ಸಂಪುಟ ಮುದ್ರಿಸುತ್ತದೆ. ಸಾಮಾನ್ಯ ಸರ್ವಿಸ್ ಪುಸ್ತಕದಲ್ಲಿ ಇಲ್ಲದ ವೈರುಗಳ ಬಣ್ಣ, ಕನೆಕ್ಟರ್ ಜಾಗ ಅದರಲ್ಲಿ ಸಿಗುತ್ತವೆ. ನಕ್ಷೆ ಇಲ್ಲದಿದ್ದರೆ ಅಥವಾ ಇಲಾಖೆಯ ಗ್ಯಾರೇಜಿನವರೇ ತಮಗೆ ಬೇಕಾದ ಹಾಗೆ ಎಳೆದ ವೈರಾಗಿದ್ದರೆ, ಅದನ್ನು ಬ್ಯಾಟರಿ ಕಡೆಯಿಂದಲೇ ಪೂರ್ತಿ ಕಳಚಿ ಹೊಸದು ಎಳೆಯುವುದೇ ನನ್ನ ಆಯ್ಕೆ. ಬ್ಯಾಟರಿಯಿಂದ ಮುಖ್ಯ ಫ್ಯೂಸ್, ಅಲ್ಲಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್), ಅಲ್ಲಿಂದ ಸಣ್ಣ ಫ್ಯೂಸ್ ಬಾಕ್ಸ್. ರಿಲೇಯ 30ನೇ ಕಾಲಿಗೆ ಬ್ಯಾಟರಿ ಕಡೆಯ ವೈರು, 87ಕ್ಕೆ ಆಕ್ಸೆಸರಿ ಕಡೆಯದು. 85 ಮತ್ತು 86 ರಿಲೇಯನ್ನು ಎಬ್ಬಿಸುವ ಕಾಲುಗಳು. ಕೀ ಆನ್ ಮಾಡಿದಾಗ ಮಾತ್ರ ಅದು ಏಳಬೇಕು.

ಹಳೆಯ ಬೈಕಿನಲ್ಲಿ ಆ ಎಬ್ಬಿಸುವ ಕರೆಂಟನ್ನು ಟೇಲ್ ಲೈಟ್ ವೈರಿನಿಂದ ತೆಗೆದುಕೊಂಡರೆ ನಡೆಯುತ್ತದೆ. ಕ್ಯಾನ್ ಬಸ್ ಬೈಕಿನಲ್ಲಿ ಹಾಗೆ ವೈರಿಗೆ ಕೊಂಡಿ ಹಾಕಬಾರದು. 2005ರ ನಂತರದ ಆರ್1200ಆರ್‌ಟಿಯಲ್ಲಿ ಮಾಮೂಲಿ ಫ್ಯೂಸ್‌ಗಳ ಬದಲು ಎಲೆಕ್ಟ್ರಾನಿಕ್ ನಿಯಂತ್ರಕವೇ ಪ್ರತಿ ಸರ್ಕ್ಯೂಟ್ ಕಾಯುತ್ತದೆ. ಲೆಕ್ಕಕ್ಕಿಂತ ಜಾಸ್ತಿ ಕರೆಂಟ್ ಹೋದರೆ ಆ ಸರ್ಕ್ಯೂಟನ್ನು ಮುಚ್ಚಿಬಿಡುತ್ತದೆ. ಬಲ್ಬ್ ಬದಲು ಎಲ್‌ಇಡಿ ಹಾಕಿದರೆ ‘ಬಲ್ಬ್ ಹೋಗಿದೆ’ ಎಂದು ದೀಪ ಹೊತ್ತಿಸುತ್ತದೆ. ಇಂಥ ಬೈಕುಗಳಿಗೆ ಹೆಕ್ಸ್ ಇಝೀಕ್ಯಾನ್, ಡೆನಾಲಿ ಕ್ಯಾನ್‌ಸ್ಮಾರ್ಟ್‌ನಂಥ ಪೆಟ್ಟಿಗೆಗಳು ಸಿಗುತ್ತವೆ. ಬೈಕಿನ ಕ್ಯಾನ್ ಬಸ್ ಮಾತನ್ನು ಕೇಳಿಸಿಕೊಂಡು ಲೈಟು, ಹಾರನ್ನುಗಳನ್ನು ಅವೇ ನಡೆಸುತ್ತವೆ. ಬೆಲೆ ಜಾಸ್ತಿ, ಆದರೆ ಕೊಳ್ಳುವುದಾದರೆ ಇದಕ್ಕೇ ದುಡ್ಡು ಹಾಕಿ. ಒಂದೆರಡು ಸಣ್ಣ ಸಾಕೆಟ್ ಮಾತ್ರ ಬೇಕಿದ್ದವರಿಗೆ ಸಾಮಾನ್ಯ ರಿಲೇ, ಅದನ್ನು ಎಬ್ಬಿಸಲು ಬೈಕಿನ ಆಕ್ಸೆಸರಿ ಸಾಕೆಟ್ಟಿನ ಕರೆಂಟು ಸಾಕು.

ಕರೆಂಟಿನ ಲೆಕ್ಕ ಹಾಕಿ ನೋಡಿ. ಬಿಸಿ ಜಾಕೆಟ್ ಸುಮಾರು 77 ವ್ಯಾಟ್, ಬಿಸಿ ಗ್ಲೌಸ್ 27 ವ್ಯಾಟ್. ಎರಡು ಹ್ಯಾಲೊಜೆನ್ ಲೈಟು 55ರಂತೆ 110. ಒಟ್ಟು 214 ವ್ಯಾಟ್. 12 ವೋಲ್ಟಿಗೆ ಸುಮಾರು 18 ಆಂಪಿಯರ್. ಹ್ಯಾಲೊಜೆನ್ ಬದಲು 18 ವ್ಯಾಟಿನ ಎರಡು ಎಲ್‌ಇಡಿ ಹಾಕಿದರೆ ಒಟ್ಟು 140ಕ್ಕೆ ಇಳಿಯುತ್ತದೆ. ಜಾಕೆಟ್ ಮತ್ತು ಗ್ಲೌಸ್ ಎರಡೇ ಸೇರಿ ಸುಮಾರು 8.7 ಆಂಪಿಯರ್ ಆಗುತ್ತವೆ. ಕೆಲವು ಬಿಎಂಡಬ್ಲ್ಯುಗಳ ಮೂಲ ಸಾಕೆಟ್ಟಿನ ಮಿತಿ ಬರೀ 5 ಆಂಪಿಯರ್. ಅದಕ್ಕೆ ಚುಚ್ಚಿದರೆ ಹತ್ತು ನಿಮಿಷದಲ್ಲಿ ಚಳಿ ಮತ್ತೆ ಶುರು. ಬಿಸಿ ಬಟ್ಟೆಯ ವೈರು ಬ್ಯಾಟರಿಯಿಂದ, ತನ್ನದೇ ಫ್ಯೂಸ್ ಮೂಲಕ ಬರಬೇಕು.

ಆರ್‌ಟಿ-ಪಿಯಂಥ ಬೈಕುಗಳಲ್ಲಿ ಎರಡನೇ ಬ್ಯಾಟರಿ ಇರುತ್ತದೆ. ನಿಂತ ಬೈಕಿನಲ್ಲಿ ದೀಪ, ರೇಡಿಯೋ ಗಂಟೆಗಟ್ಟಲೆ ಉರಿದರೂ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಖಾಲಿಯಾಗದಿರಲಿ ಎಂದು ಈ ಏರ್ಪಾಡು. ಅದನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ? ಕ್ಯಾಂಪಿಂಗ್ ಮಾಡುವವರು, ರಾತ್ರಿ ಫೋನ್, ಲ್ಯಾಪ್‌ಟಾಪ್ ಚಾರ್ಜ್ ಹಾಕುವವರು ಇಟ್ಟುಕೊಳ್ಳಿ. ಬೇರೆ ಯಾವ ಬೈಕಿನಲ್ಲೂ ಇಷ್ಟು ಅನುಕೂಲ ಸಿಗದು. ಆದರೆ ಆ ಬ್ಯಾಟರಿ ಸತ್ತಿದ್ದರೆ ಚಾರ್ಜಿಂಗನ್ನೆಲ್ಲ ಎಳೆದುಕೊಂಡು ಕೂರುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ಬದಲಿಸುವಾಗ ಅದೇ ಎಜಿಎಂ (ಆಮ್ಲವನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟ, ಮುಚ್ಚಿದ ಬ್ಯಾಟರಿ) ಜಾತಿಯದನ್ನೇ ಹಾಕಿ. ಒಂದು ಎಜಿಎಂ, ಇನ್ನೊಂದು ಲಿಥಿಯಂ ಎಂದು ಬೆರೆಸಬೇಡಿ. ಅವೆರಡರ ಚಾರ್ಜಿಂಗ್ ವೋಲ್ಟೇಜ್ ಸ್ವಭಾವವೇ ಬೇರೆ. ಇಂಥ ಬಳಕೆ ಇಲ್ಲದವರು ಬ್ಯಾಟರಿಯ ಜೊತೆಗೆ ಅದರ ರಿಲೇ, ವೈರುಗಳನ್ನೂ ತೆಗೆದುಬಿಡಿ. ಸುಮ್ನೆ ತುದಿಗೆ ಟೇಪ್ ಸುತ್ತಿ ಬಿಡುವುದು ಬೇಡ.

ಹ್ಯಾಂಡಲ್ ಮೇಲಿನ ಹೆಚ್ಚುವರಿ ಸ್ವಿಚ್‌ಗಳನ್ನು ಮಾತ್ರ ಕಳೆದುಕೊಳ್ಳಬೇಡಿ. ಗ್ಲೌಸ್ ಹಾಕಿದ ಕೈಗೆ ಸಿಗುವ, ಮಳೆಗೆ ಜಗ್ಗದ ಇಂಥ ಸ್ವಿಚ್ ಹೊರಗೆ ಸಿಗುವುದು ಅಪರೂಪ. ಒತ್ತಿದರೆ ಒತ್ತಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವುದೋ, ಒಮ್ಮೆ ಒತ್ತಿದರೆ ಆನ್ ಆಗಿಯೇ ಇರುವುದೋ ಎಂದು ಮೀಟರಿನಲ್ಲಿ ನೋಡಿಕೊಳ್ಳಿ. ಮೊದಲನೆಯ ಥರದ್ದು ಹಾರನ್ನಿಗೆ ಸರಿ. ಲೈಟಿಗೆ ಬಳಸಬೇಕಾದರೆ ಒಮ್ಮೆ ಒತ್ತಿದರೆ ಆನ್ ಆಗಿಯೇ ಉಳಿದು, ಮತ್ತೆ ಒತ್ತಿದರೆ ಆಫ್ ಆಗುವ ಲ್ಯಾಚಿಂಗ್ ರಿಲೇ ಬೇಕು.

ಕೆಂಪು, ನೀಲಿ ಮಿನುಗು ದೀಪ ಮತ್ತು ಸೈರನ್ ಸಾಮಾನ್ಯ ಜನರ ಬೈಕಿನಲ್ಲಿ ಇರಬಾರದು ಎಂಬ ಕಾನೂನು ಬಹಳಷ್ಟು ದೇಶಗಳಲ್ಲಿದೆ. ದೀಪ ತೆಗೆದರೂ ಹೆಡ್‌ಲೈಟನ್ನು ಮಿನುಗಿಸುವ ಸಣ್ಣ ಪೆಟ್ಟಿಗೆ ವೈರಿಂಗ್ ಒಳಗೇ ಉಳಿದಿರಬಹುದು. ಯಾವುದೋ ಸ್ವಿಚ್ ಒತ್ತಿದಾಗ ಹೆಡ್‌ಲೈಟ್ ಕಣ್ಣು ಹೊಡೆಯಲು ಶುರುಮಾಡಿದರೆ ಅದರದೇ ಕೆಲಸ.

ವಿಂಡ್‌ಶೀಲ್ಡ್, ಗಾರ್ಡ್, ಉಳಿದದ್ದು

ವಿಂಡ್‌ಶೀಲ್ಡ್‌ಗೆ ಬೇರೆ ಕಂಪನಿಯದ್ದೇ ಸಾಕು. ಕೂತಾಗ ನಿಮ್ಮ ಕಣ್ಣಿನ ನೇರ ಅದರ ಮೇಲಂಚಿಗಿಂತ ಸ್ವಲ್ಪ ಮೇಲೆ ಇರಬೇಕು. ಮಳೆಯಲ್ಲಿ ಒದ್ದೆ ಪ್ಲಾಸ್ಟಿಕ್ ಮೂಲಕ ರಸ್ತೆ ನೋಡುವ ಪಾಡು ಬೇಡ. ಪೊಲೀಸ್ ಬೈಕಿನಲ್ಲಿ ಮುಂದೆ ಹೆಚ್ಚುವರಿ ದೀಪದ ಬ್ರಾಕೆಟ್ ಇದ್ದರೆ ಅದು ವಿಂಡ್‌ಶೀಲ್ಡಿನ ಕೆಳಗಿನ ಕೊರೆತಕ್ಕೆ ಅಡ್ಡ ಬರಬಹುದು. ಅಳೆದು ನೋಡಿ, ಬೇಕಿದ್ದರೆ ಬ್ರಾಕೆಟ್ಟನ್ನೇ ತೆಗೆಯಿರಿ. ವಿಂಡ್‌ಶೀಲ್ಡ್ ಕೊರೆಯಲು ಹೋದರೆ ಬಿರುಕು ಬಿಡುವ ಸಾಧ್ಯತೆಯೇ ಜಾಸ್ತಿ.

ಪೊಲೀಸ್ ಕ್ರ್ಯಾಶ್ ಗಾರ್ಡ್ ತೆಗೆದು ಹೊಳೆಯುವ ಹೊಸದನ್ನು ಹಾಕುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಇದು ಆಗಾಗ ಬೀಳುವ ಬೈಕಿಗೆಂದೇ ಮಾಡಿದ ಗಾರ್ಡು. ಹಾಗೇ ಇರಲಿ. ಅದಕ್ಕೆ ಫುಟ್ ಪೆಗ್, ಲೈಟು ಕಟ್ಟುವ ಮೊದಲು ಪೈಪಿನ ದಪ್ಪ ಅಳೆಯಿರಿ. ಹಾರ್ಲೆಯ ಗಾರ್ಡು ಸಾಮಾನ್ಯವಾಗಿ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. 25 ಮಿ.ಮೀ. ಕ್ಲ್ಯಾಂಪು ಅದಕ್ಕೆ ಬಾರದು. ಹ್ಯಾಂಡಲ್ ಕೂಡ ಹಾಗೆಯೇ. 22 ಮಿ.ಮೀ.ನದು ಕೆಲವದರಲ್ಲಿ, ಹಾರ್ಲೆಯಲ್ಲಿ 1 ಇಂಚು. ಗುಂಡನೆಯ ಪೈಪ್ ಹ್ಯಾಂಡಲ್ಲೇ ಇಲ್ಲದ ಬೈಕಿಗೆ ಬ್ರೇಕ್ ಎಣ್ಣೆ ಡಬ್ಬಿಯ ಬೋಲ್ಟಿಗೆ ಕೂರುವ ಹಿಡಿಕೆ ನೋಡಬೇಕು.

ಫೋನ್, ಜಿಪಿಎಸ್ ಹಿಡಿಕೆಗೆ ರ‍್ಯಾಮ್ ಕಂಪನಿಯ ಗುಂಡುಗಳು (ಹಿಡಿಕೆಯ ತೋಳು ಕಚ್ಚಿಕೊಳ್ಳುವ ಚೆಂಡಿನಾಕಾರದ ತುದಿಗಳು) ಎಷ್ಟೋ ಪೊಲೀಸ್ ಬೈಕುಗಳಲ್ಲಿ ಈಗಾಗಲೇ ಇರುತ್ತವೆ. ರೇಡಾರ್ ಗನ್, ಕಂಪ್ಯೂಟರ್ ಹಿಡಿದಿಡಲು ಹಾಕಿದ್ದವು ಅವು. ಗುಂಡಿನ ಅಳತೆ ನೋಡಿ ತೋಳು ಕೊಳ್ಳಿ. 1 ಇಂಚಿನ ಗುಂಡು ಬಿ ಅಳತೆ, ಒಂದೂವರೆ ಇಂಚಿನದು ಸಿ ಅಳತೆ. ಫೋನಿಗೆ ಬಿ ಸಾಕು.

ಸಸ್ಪೆನ್ಷನ್ ಬಗ್ಗೆ ಒಂದು ಮಾತು. ಸೈರನ್, ರೇಡಿಯೋಗಳ ಭಾರಕ್ಕೆ ಹೊಂದಿಸಿದ ಹಿಂದಿನ ಸ್ಪ್ರಿಂಗು ಅವೆಲ್ಲ ಹೋದ ಮೇಲೆ ಬಿರುಸಾಗಿ ಕುಟ್ಟುತ್ತದೆ. ಹೊಸ ಶಾಕ್ ಕೊಳ್ಳುವ ಮೊದಲು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ) ಕಮ್ಮಿ ಮಾಡಿ ಓಡಿಸಿ ನೋಡಿ.

ಕೊಳ್ಳುವಾಗ ಮಾರುವವರಿಗೆ ಬರೀ ಬೈಕಿನ ಹೆಸರು ಹೇಳಬೇಡಿ. ವರ್ಷ, ಪೂರ್ತಿ ಚಾಸಿ ನಂಬರ್, ‘ಪೊಲೀಸ್ ಮಾದರಿ’ ಎಂಬ ಮಾತು, ಭಾಗ ಕೂರಬೇಕಾದ ಜಾಗದ ಫೋಟೋ, ಎರಡು ಬೋಲ್ಟುಗಳ ನಡುವಿನ ಅಂತರ ಮಿ.ಮೀ.ನಲ್ಲಿ, ಇಷ್ಟನ್ನೂ ಕಳಿಸಿ. ಪೂರ್ತಿ ಬೈಕು ನೋಡದೆ ಭಾಗ ತರಿಸುವಾಗ ಹಿಂತಿರುಗಿಸುವ ಷರತ್ತನ್ನು ಬರಹದಲ್ಲೇ ಪಡೆಯಿರಿ. ತಂದ ಮೇಲೂ ಪೇಂಟ್ ಮಾಡಿಸುವ ಮೊದಲು ಬೈಕಿನ ಮೇಲೆ ಹಿಡಿದು ನೋಡಿ. ಬಣ್ಣ ಬಳಿದ ಭಾಗವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.